ಬೂಟಿನೊಳಗಿನ ಗೋಟಡಿಕೆ

ತುಮರಿಯ ಆಚೆ, ತೋಟದಂಚಿನ ಒಂದು ಮನೆ. ಮಳೆ ಬಿಡದೆ ಸುರಿಯುತ್ತಿತ್ತು. ಮನೆಯ ಹಿರಿಯರು ಬೆಳಗಿನಿಂದ ತೋಟದಲ್ಲಿದ್ದು ಆಗಷ್ಟೇ ಬಂದು, ಜಗಲಿಯಲ್ಲಿ ಕುಳಿತು ಗಂಬೂಟು ಕಳಚಿದರು. ಬೂಟು ಕವುಚಿದರೆ ಸುಲಿದ ಗೋಟಡಿಕೆಯೊಂದು ಉರುಳಿ ಅಂಗಳಕ್ಕೆ ಬಿತ್ತು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಅದರದೇ ಅಳತೆಯ ಕುಳಿ, ನಡುವೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತ.

"ನೋವಾಗಲಿಲ್ಲವೇ ಅಜ್ಜ?"

"ಇಲ್ಲವಲ್ಲ ತಂಗಿ, ಏನೂ ಗೊತ್ತೇ ಆಗಲಿಲ್ಲ."

ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಅವರ ಪಾದದ ನರಗಳನ್ನು ಸದ್ದಿಲ್ಲದೆ ತಿಂದು ಹಾಕಿತ್ತು.

ನಾನು ನರ್ಸ್. ಓದಿದ್ದು ವೆಲ್ಲೂರಿನಲ್ಲಿ, ಕೆಲಸ ಶಿವಮೊಗ್ಗದಲ್ಲಿ. ನಮ್ಮ ಚರ್ಚಿನವರೇ ಆದ ಒಬ್ಬ ವೈದ್ಯರು, ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ನಾನು ತಿಂಗಳಿಗೆರಡು ಶನಿವಾರ ಸಕ್ಕರೆ ಕಾಯಿಲೆಯವರ ಪಾದ ನೋಡಲು ಸಾಗರ ದಾಟಿ ಶರಾವತಿ ಹಿನ್ನೀರಿನ ಕರೂರು ಹೋಬಳಿಗೆ ಹೋಗುತ್ತೇವೆ. ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯ ಲಾಂಚ್ ತಪ್ಪೀತೆಂದು ಎಷ್ಟೋ ಸಲ ಅರ್ಧ ಡ್ರೆಸ್ಸಿಂಗಿನಲ್ಲೇ ಗಡಿಯಾರ ನೋಡಿದ್ದೇನೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಧಾವಂತ ತಪ್ಪಿದೆ.

ಪಾದವನ್ನೇ ಏಕೆ ಹಿಡಿದುಕೊಂಡೆವು ಎಂದು ಕೇಳುವವರಿದ್ದಾರೆ. ಮಿಷನ್ ಆಸ್ಪತ್ರೆಯ ವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿಗೆ ಬಂದಾಗ, ಕುಷ್ಠರೋಗಿಗಳ ಕೈಕಾಲು ತಾನಾಗಿಯೇ ಕೊಳೆತು ಉದುರುತ್ತದೆ ಎಂದೇ ಎಲ್ಲರೂ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತದೆ ಎಂಬುದನ್ನು ಅವರು ರೋಗಿಗಳ ಜೊತೆಗಿದ್ದು, ನೋಡಿ ಕಂಡುಕೊಂಡರು. ಅದೇ ತಿಳಿವಳಿಕೆ ಮುಂದೆ ಸಕ್ಕರೆ ಕಾಯಿಲೆಯ ಪಾದಕ್ಕೂ ದಾರಿ ತೋರಿಸಿತು. ವಿದ್ಯಾರ್ಥಿನಿಯಾಗಿದ್ದಾಗ ಇದನ್ನು ಪಾಠವಾಗಿ ಕೇಳಿದ್ದೆ. ಅಂಗಳಕ್ಕೆ ಬಿದ್ದ ಆ ಅಡಿಕೆಯನ್ನು ಕಂಡ ದಿನ ಅದು ಮೈಗೆ ತಾಗಿತು.

ಮೊದಲ ವರ್ಷ ನಾವು ಮಾಡಿದ್ದು ಶಿಬಿರ. ಶಾಮಿಯಾನ, ಸಾಲು, ಒಂದೇ ದಿನಕ್ಕೆ ನೂರಕ್ಕೂ ಹೆಚ್ಚು ಜನರ ಸಕ್ಕರೆ ಪರೀಕ್ಷೆ, ಒಂದು ತಿಂಗಳ ಮಾತ್ರೆ. ತೃಪ್ತಿಯಿಂದ ಹಿಂತಿರುಗಿದೆವು. ನಾಲ್ಕು ತಿಂಗಳ ನಂತರ ಹೋದಾಗ, ಆ ದಿನ ನಾನೇ ಸಣ್ಣ ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದ್ದ ಒಬ್ಬ ತಾಯಿ ಎರಡು ಬೆರಳು ಕಳೆದುಕೊಂಡಿದ್ದರು. ಅವರ ಊರಿನ ಹೆಸರು ಕೂಡ ನಮ್ಮ ಪುಸ್ತಕದಲ್ಲಿ ಸರಿಯಾಗಿ ಬರೆದಿರಲಿಲ್ಲ. ಆ ರಾತ್ರಿ ನನಗೆ ಪ್ರಾರ್ಥನೆಯೂ ಕಷ್ಟವಾಯಿತು. ಅಲ್ಲಿಗೆ ಶಿಬಿರ ನಿಲ್ಲಿಸಿದೆವು. ಕಡಿಮೆ ಮನೆ, ಆದರೆ ಹೋದ ಮನೆಗೇ ಮತ್ತೆ ಹೋಗುವುದು ಎಂದು ತೀರ್ಮಾನಿಸಿದೆವು.

ನಮ್ಮ ಚೀಲದಲ್ಲಿ ದುಬಾರಿ ಯಂತ್ರವೇನೂ ಇಲ್ಲ. ಮುಖ್ಯವಾದದ್ದು ಒಂದು ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಮೊದಲು ಮುಂಗೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, ಜಡ್ಡುಗಟ್ಟಿದ ಜಾಗ ಬಿಟ್ಟು, ಹೆಬ್ಬೆರಳಿಗೆ, ಬೆರಳುಗಳ ಬುಡಕ್ಕೆ ಒಂದೆರಡು ಸೆಕೆಂಡು ಒತ್ತಿ, ಮುಟ್ಟಿದ್ದು ತಿಳಿದರೆ ಹೇಳಿ ಎನ್ನುತ್ತೇನೆ. ಎಳೆ ಬಾಗಿದರೂ ಮಾತು ಬರದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದೇ ಅರ್ಥ. ಇನ್ನೊಂದು, ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥದೇ ಇನ್‌ಫ್ರಾರೆಡ್ ಥರ್ಮಾಮೀಟರ್, ಚರ್ಮದ ಮೇಲ್ಮೈ ತಾಪ ತೋರಿಸುವಂಥದ್ದು. ಎರಡೂ ಪಾದಗಳ ಒಂದೇ ಜಾಗಕ್ಕೆ ಹಿಡಿದಾಗ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಗಾಯ ಕಣ್ಣಿಗೆ ಕಾಣುವ ಮೊದಲೇ ಒಳಗೆ ಉರಿಯೂತ ಶುರುವಾಗಿರಬಹುದು. ಇದನ್ನು ಆಶಾ ಕಾರ್ಯಕರ್ತೆಗೆ ಕಲಿಸಿದ್ದೇನೆ. ನನಗಿಂತ ಚೆನ್ನಾಗಿ ಮಾಡುತ್ತಾಳೆ.

ನಾವಿಲ್ಲದ ದಿನಗಳಲ್ಲಿ ಕೆಲಸ ನಡೆಸುವುದು ಮೊಬೈಲ್. ರೋಗಿಯ ಒಪ್ಪಿಗೆ ಪಡೆದು, ಗಾಯದ ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಟ್ಟು, ಹೆಸರಿನ ಬದಲು ಸಂಖ್ಯೆ ಬರೆದು ಆಶಾ ಕಾರ್ಯಕರ್ತೆ ಫೋಟೋ ತೆಗೆಯುತ್ತಾಳೆ. ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಹೋಗಿ ಕಳಿಸುತ್ತಾಳೆ. ವೈದ್ಯರು ಅದೇ ಸಂಜೆ ನೋಡಿ, ಬೇಕಾದರೆ ಕರೆ ಮಾಡಿ ರೋಗಿಯೊಡನೆ ಮಾತನಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಇದಕ್ಕೆ ಸ್ಪಷ್ಟ ಚೌಕಟ್ಟೂ ಸಿಕ್ಕಿದೆ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ವಾಸನೆ ಅಥವಾ ಜ್ವರ ಇದ್ದರೆ ಫೋಟೋಗೆ ಕಾಯುವುದಿಲ್ಲ, ನೇರವಾಗಿ ಆಸ್ಪತ್ರೆಗೆ.

ಕಷ್ಟವಾದದ್ದು ಚಪ್ಪಲಿ. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. (ಮೈಕ್ರೋಸೆಲ್ಯುಲರ್) ರಬ್ಬರಿನ ಚಪ್ಪಲಿಯನ್ನೇ ನಾವು ಕೊಡುವುದು. ಸ್ಪರ್ಶವಿಲ್ಲದ ಪಾದ ಮನೆಯೊಳಗೂ ಬರಿಗಾಲಲ್ಲಿ ಇರಬಾರದು. ಆದರೆ ಮಲೆನಾಡಿನ ಯಾವ ಮನೆಯಲ್ಲಿ ಚಪ್ಪಲಿ ಹೊಸಿಲು ದಾಟುತ್ತದೆ? ದೇವರ ಮನೆ ಇರುವ ಕಡೆ ಒಬ್ಬ ಕ್ರೈಸ್ತ ನರ್ಸ್ ಬಂದು ಚಪ್ಪಲಿ ಹಾಕಿಕೊಳ್ಳಿ ಎಂದರೆ ಅದು ಹೇಗೆ ಕೇಳಿಸೀತು? ನಾನು ಅಂಥ ಒಂದು ಮನೆಯ ಹಿರಿಯ ಸೊಸೆಯನ್ನೇ ಕೇಳಿದೆ. ಆಕೆ ಯೋಚಿಸಿ, "ಅಂಗಳಕ್ಕೆ ಇಳಿಯದ ಹೊಸ ಜೋಡಿ ಒಂದನ್ನು ಒಳಗೇ ಇಡೋಣ. ದೇವರ ಮನೆಯ ಬಾಗಿಲಲ್ಲಿ ಮಾತ್ರ ಬಿಡಲಿ" ಎಂದರು. ಈಗ ಪ್ರತಿ ಮನೆಗೂ ಎರಡು ಜೊತೆ ಕೊಡುತ್ತೇವೆ.

ನಿಮಗೇನು ಲಾಭ ಎಂದು ಜನ ನೇರವಾಗಿ ಕೇಳಿದ್ದಾರೆ. ಯೇಸು ತನ್ನ ಶಿಷ್ಯರ ಪಾದ ತೊಳೆದ, ಹಾಗೆಯೇ ಮಾಡಿ ಎಂದ, ಅದಕ್ಕೆ ಬರುತ್ತೇವೆ ಎಂದು ನೇರವಾಗಿಯೇ ಹೇಳಿದ್ದೇನೆ. ಅದಕ್ಕಿಂತ ಹೆಚ್ಚು ನಾನಾಗಿ ಹೇಳುವುದಿಲ್ಲ. ಗಾಯದ ಕಾಲನ್ನು ನನ್ನ ಮಡಿಲಲ್ಲಿ ಇಟ್ಟು ಕುಳಿತವರು ನನ್ನ ಮಾತಿಗೆ ಬೇಡ ಎನ್ನುವ ಸ್ಥಿತಿಯಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ಧರ್ಮದ ಮಾತು ತೆಗೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ನಮ್ಮ ಪ್ರಾರ್ಥನೆ, ಹೊರಡುವ ಮೊದಲು ವಾಹನದಲ್ಲೇ ಆಗುತ್ತದೆ.

ಅಜ್ಜನ ಗಾಯ ಮಾಯಲು ಹನ್ನೊಂದು ವಾರ ಬೇಕಾಯಿತು. ಈಗ ಬೂಟನ್ನು ಮೆಟ್ಟಿಲಿಗೆ ಬಡಿದು, ಒಳಗೆ ಕೈ ಹಾಕಿ ತಡವಿ, ಆಮೇಲೆ ಕಾಲು ಹಾಕುತ್ತಾರೆ. ಇಂಬಳ (ಜಿಗಣೆ) ಕಚ್ಚಿದ್ದು ತಿಳಿಯದೆಂದು ದಿನಾ ಸಂಜೆ ಮೊಮ್ಮಗಳು ಪಾದ ನೋಡುತ್ತಾಳೆ.

ಬಚ್ಚಲ ಒಲೆಯದು ಮಾತ್ರ ಇನ್ನೂ ಬಗೆಹರಿದಿಲ್ಲ. ಮಳೆಗಾಲದಲ್ಲಿ ಹಂಡೆಯ ಒಲೆಯ ಮುಂದೆ ಕಾಲು ಚಾಚಿ ಕುಳಿತರೆ ಸಿಗುವ ಸುಖವನ್ನು ಯಾರೂ ಬಿಡಲೊಲ್ಲರು. ಚರ್ಮ ಸುಟ್ಟು ಬೊಬ್ಬೆ ಎದ್ದರೂ ಇವರಿಗೆ ತಿಳಿಯುವುದಿಲ್ಲ. ಕಳೆದ ಮಳೆಗಾಲದಲ್ಲೇ ಇಬ್ಬರು ಹಾಗೆ ಸುಟ್ಟುಕೊಂಡರು. ಒಲೆಯಿಂದ ಎರಡು ಮಾರು ದೂರದಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆದು, ಮಣೆಯನ್ನು ಅದರ ಈಚೆಗೇ ಇಡಿ ಎಂದು ಹೇಳಿ ನೋಡುತ್ತಿದ್ದೇವೆ. ಮೂರು ಮನೆಗಳಲ್ಲಿ ಗೆರೆ ಇನ್ನೂ ಅಳಿಸಿಲ್ಲ.