ತ್ರಿಕೋನದ ಯಾವ ಬದಿ ಹಿಗ್ಗಬಾರದು?

ಕ್ವಿಲ್ಟ್‌ಗೆ, ಅಂದರೆ ಇಲ್ಲಿನ ಕೌದಿಗೆ, ನಾನು ಹೊಲಿದ ಮೊದಲ ನಕ್ಷತ್ರದ ಬ್ಲಾಕ್ (ತುಂಡುಗಳನ್ನು ಸೇರಿಸಿ ಮಾಡಿದ ಒಂದು ಚೌಕ) 12 1/2 ಇಂಚು ಬರಬೇಕಿತ್ತು. ಟೇಪ್ ಹಿಡಿದು ನೋಡಿದರೆ ಒಂದು ಕಡೆ 12 3/4, ಇನ್ನೊಂದು ಕಡೆ 13ರ ಹತ್ತಿರ. ಅಂಚುಗಳು ಸುಟ್ಟ ಹಪ್ಪಳದ ಹಾಗೆ ಅಲೆ ಅಲೆಯಾಗಿದ್ದವು. ಹೊಲಿಗೆ ನೇರವಾಗಿಯೇ ಇತ್ತು. ತುಂಡುಗಳ ಅಳತೆಯೂ ಸರಿ ಇತ್ತು. ತಪ್ಪಾಗಿದ್ದು ಬಟ್ಟೆ ಕತ್ತರಿಸುವಾಗ.

ನಾನು ಧಾರವಾಡದವಳು, ಈಗ ಇರುವುದು ಓಹಾಯೋದಲ್ಲಿ. ಅಜ್ಜಿ ಕೌದಿ ಹೊಲಿಯುವುದನ್ನು ನೋಡುತ್ತಲೇ ಬೆಳೆದೆ. ಅಜ್ಜಿ ಚೌಕದ ತುಂಡನ್ನು ಮೂಲೆಗೆ ಮೂಲೆ ಮಡಚಿ, ಕತ್ತರಿಯಿಂದ ಸರ್ರನೆ ತ್ರಿಕೋನ ಮಾಡಿಬಿಡುತ್ತಿದ್ದಳು. ರೂಲರ್ ಇಲ್ಲ, ಲೆಕ್ಕ ಇಲ್ಲ. ಆದರೂ ಕೌದಿ ಚೊಕ್ಕವಾಗಿ ಹಾಸಿಕೊಳ್ಳುತ್ತಿತ್ತು. ಕೌದಿಗೆ ಅಡಿಯಲ್ಲಿ ಹಳೇ ಸೀರೆಯ ಪದರ ಇರುತ್ತದೆ, ಅಲ್ವಾ? ತುಂಡನ್ನು ಅದರ ಮೇಲಿಟ್ಟು ಉದ್ದಕ್ಕೂ ದಾರ ಓಡಿಸುತ್ತಾರೆ. ಅಡಿಯ ಬಟ್ಟೆ ತುಂಡನ್ನು ಹಿಡಿದುಕೊಂಡಿರುತ್ತದೆ. ಇಲ್ಲಿನ ಕ್ವಿಲ್ಟ್ ಬ್ಲಾಕ್‌ನಲ್ಲಿ ಹಾಗಲ್ಲ. ತುಂಡಿಗೆ ತುಂಡು ಸೇರಿಸಿ ಹೊಲಿಯಬೇಕು, ಅಡಿಯಲ್ಲಿ ಏನೂ ಇಲ್ಲ.

ಬಟ್ಟೆಯನ್ನು ಎಳೆಯ ನೇರಕ್ಕೆ ಎಳೆದು ನೋಡಿ, ಜಾಸ್ತಿ ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ದರ್ಜಿಗಳು ಕ್ರಾಸ್ ಅನ್ನುವುದು ಇದಕ್ಕೇ. ಪ್ರತಿ ತ್ರಿಕೋನದಲ್ಲೂ ಒಂದು ಬದಿಯಾದರೂ ಕ್ರಾಸ್ ಆಗಿಯೇ ಆಗುತ್ತದೆ. ಅದು ಯಾವ ಬದಿಯಾಗಬೇಕು ಅನ್ನುವುದನ್ನು ಮಾತ್ರ ನಾವು ಆರಿಸಬಹುದು. ಬ್ಲಾಕಿನ ಹೊರ ಅಂಚಿಗೆ ಬರುವ ಬದಿ ಎಳೆಯ ನೇರಕ್ಕಿರಬೇಕು. ಒಳಗೆ ಹೊಲಿಗೆಯಲ್ಲಿ ಸೇರಿಹೋಗುವ ಬದಿ ಕ್ರಾಸ್ ಆದರೂ ಪರವಾಗಿಲ್ಲ.

ನಾನು ಹೊಲಿದದ್ದು ಸಾಟೂತ್ ಸ್ಟಾರ್. ಹೊಲಿಗೆಯೊಳಗೆ ಹೋಗುವ ಬಟ್ಟೆ ಬಿಟ್ಟು ಹೇಳುವುದಾದರೆ, ನಡುವೆ 6 ಇಂಚಿನ ಚೌಕ, ನಾಲ್ಕು ಮೂಲೆಗೆ 3 ಇಂಚಿನ ಚೌಕ. ನಾಲ್ಕು ಬದಿಗೆ 3 ಇಂಚು ಎತ್ತರ, 6 ಇಂಚು ಅಗಲದ ಫ್ಲೈಯಿಂಗ್ ಗೀಸ್. ಅಂದರೆ ಒಂದು ದೊಡ್ಡ ತ್ರಿಕೋನ, ಅದರ ಎರಡು ಪಕ್ಕಕ್ಕೆ ಒಂದೊಂದು ಚಿಕ್ಕದು. ದೊಡ್ಡದರ ಉದ್ದ ಬದಿ ಹೊರ ಅಂಚಿಗೆ ಬರುತ್ತದೆ. ನಾನು ಎಲ್ಲವನ್ನೂ ಒಂದೇ ರೀತಿ, ಚೌಕವನ್ನು ಎರಡು ಭಾಗ ಮಾಡಿ ಕತ್ತರಿಸಿದ್ದೆ. ಹಾಗಾಗಿ ದೊಡ್ಡ ತ್ರಿಕೋನಗಳ ಉದ್ದ ಬದಿ ಪೂರ್ತಿ ಕ್ರಾಸ್. ಇಸ್ತ್ರಿ ಪೆಟ್ಟಿಗೆ ತಾಗಿದ ಕೂಡಲೇ ಹಿಗ್ಗಿತು.

ತ್ರಿಕೋನದ ವಿಶೇಷ ರೂಲರ್ ಇಲ್ಲದೆ, ಸಾಮಾನ್ಯ ರೂಲರ್‌ನಿಂದಲೂ ಸರಿಯಾಗಿ ಕತ್ತರಿಸಬಹುದು. ಚಿಕ್ಕದಕ್ಕೆ 3 7/8 ಇಂಚಿನ ಚೌಕವನ್ನು ಒಮ್ಮೆ ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ದೊಡ್ಡದಕ್ಕೆ 7 1/4 ಇಂಚಿನ ಚೌಕವನ್ನು ಎರಡು ಸಲ ಮೂಲೆಯಿಂದ ಮೂಲೆಗೆ ಕತ್ತರಿಸಿ ನಾಲ್ಕು ಮಾಡಬೇಕು. ಆದರೆ ಆ 7/8 ಯಾವ ಗೆರೆ ಎಂದು ಪ್ರತಿ ಸಲ ಹುಡುಕುವಾಗ ನನಗೆ ಕಣ್ಣು ತಪ್ಪುತ್ತಿತ್ತು. ತ್ರಿಕೋನದ ಚೂಪು ತುದಿ ಹೊಲಿಗೆಯ ಆಚೆಗೂ ಚಾಚುತ್ತದೆ, ಅದಕ್ಕೇ ಈ 7/8 ಮತ್ತು 1 1/4 ಇಂಚು ಸೇರಿಸುವುದು. ಆ ತುದಿಯನ್ನು ಮೊದಲೇ ಬಿಟ್ಟುಬಿಟ್ಟರೆ ಎರಡು ಕಡೆಯ ಕಾಲು ಇಂಚು ಹೊಲಿಗೆಗೆ ಬರೀ ಅರ್ಧ ಇಂಚು ಸೇರಿಸಿದರೆ ಸಾಕು. ತ್ರಿಕೋನದ ರೂಲರ್‌ಗಳು ಮಾಡುವ ಕೆಲಸ ಇದೇ.

ಚಿಕ್ಕದಕ್ಕೆ ಈಜಿ ಆಂಗಲ್, ದೊಡ್ಡದಕ್ಕೆ ಕಂಪ್ಯಾನಿಯನ್ ಆಂಗಲ್ ಎಂಬ ರೂಲರ್ ತಂದುಕೊಂಡೆ. ಮೊದಲನೆಯದು ಎರಡು ಚಿಕ್ಕ ಬದಿಗಳನ್ನು ಎಳೆಯ ನೇರಕ್ಕೆ ಇಡುತ್ತದೆ. ಎರಡನೆಯದು ಉದ್ದ ಬದಿಯನ್ನು. ಎರಡಕ್ಕೂ ಕತ್ತರಿಸಿಕೊಳ್ಳುವ ಬಟ್ಟೆಯ ಪಟ್ಟಿ 3 1/2 ಇಂಚು ಅಗಲ. ಮೂಲೆಯ ಚೌಕಕ್ಕೂ ಅದೇ ಪಟ್ಟಿ! ನಡುವಿನ 6 1/2 ಇಂಚಿನ ಚೌಕ ಒಂದು ಬಿಟ್ಟರೆ ಇಡೀ ನಕ್ಷತ್ರ ಒಂದೇ ಅಗಲದ ಪಟ್ಟಿಗಳಿಂದ ಬರುತ್ತದೆ ಎಂದು ಗೊತ್ತಾದ ದಿನ ನನಗಾದ ಖುಷಿ ಇಷ್ಟಿಷ್ಟಲ್ಲ.

ಕತ್ತರಿಸುವ ಮೊದಲು ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತೇನೆ. ಇದನ್ನು ಎಂದೂ ಬಿಡುವುದಿಲ್ಲ. ಪಟ್ಟಿಯನ್ನು ನಡುವಿಗೆ ಮಡಚಿ ಮ್ಯಾಟ್ ಮೇಲೆ ಹಾಸಿ, ತುದಿಯನ್ನು ನೇರ ಮಾಡಿಕೊಳ್ಳುತ್ತೇನೆ. ಈಜಿ ಆಂಗಲ್‌ನ 3 1/2ರ ಗೆರೆ ಪಟ್ಟಿಯ ಒಂದು ಅಂಚಿಗೆ ಕೂರಬೇಕು. ರೂಲರ್‌ನ ಕಪ್ಪು ತುದಿ ಇನ್ನೊಂದು ಅಂಚಿನಿಂದ ಆಚೆ ಉಳಿಯುತ್ತದೆ. ಮೊದಮೊದಲು ನಾನು ಆ ತುದಿಯನ್ನೂ ಬಟ್ಟೆಯ ಮೇಲೆ ತರಲು ನೋಡುತ್ತಿದ್ದೆ, ತ್ರಿಕೋನ ಚಿಕ್ಕದಾಗುತ್ತಿತ್ತು. ಅಲ್ಲಿ ಬಟ್ಟೆ ಇರಬಾರದು. ಓರೆಗೆ ಒಂದು ಸಲ ಕತ್ತರಿಸಿ, ರೂಲರನ್ನು ಆ ಓರೆ ಅಂಚಿನ ಮೇಲೆಯೇ ತಿರುಗಿಸಿ ತಲೆಕೆಳಗೆ ಇಟ್ಟು, ನೇರಕ್ಕೆ ಇನ್ನೊಂದು ಸಲ ಕತ್ತರಿಸುತ್ತೇನೆ.

ಪಟ್ಟಿ ಮಡಚುವುದಕ್ಕೆ ಕಾರಣ ಇದೆ. ಈ ರೂಲರ್ ಒಂದೇ ತುದಿಯನ್ನು ಮೊಂಡು ಮಾಡುತ್ತದೆ. ಹಾಗಾಗಿ ಎಡಕ್ಕೆ ಬೇರೆ, ಬಲಕ್ಕೆ ಬೇರೆ ತ್ರಿಕೋನ ಬೇಕು. ಮಡಚಿದ ಪಟ್ಟಿಯಲ್ಲಿ ಎರಡೂ ಜೋಡಿಯಾಗಿ ಬರುತ್ತವೆ. ಪಟ್ಟಿ 42 ಇಂಚು ಉದ್ದ ಇದ್ದರೆ ನನಗೆ ಆರಾಮಾಗಿ 16 ಚಿಕ್ಕ ತ್ರಿಕೋನ ಸಿಗುತ್ತವೆ. ಒಂದು ನಕ್ಷತ್ರಕ್ಕೆ ಎಂಟು. 20 ನಕ್ಷತ್ರಕ್ಕೆ ಹತ್ತು ಪಟ್ಟಿ, ಅಂದರೆ 35 ಇಂಚು ಬಟ್ಟೆ. ಒಂದು ಗಜ ತಂದರೆ ಮುಗಿಯಿತು, ಆದರೆ ಅಂಚು ನೇರ ಮಾಡುವಾಗ ಸ್ವಲ್ಪ ಹೋಗುತ್ತದೆ, ಕಾಲು ಗಜ ಜಾಸ್ತಿಯೇ ತನ್ನಿ.

ಇದನ್ನೆಲ್ಲ ಕತ್ತರಿಸುವ ರೋಟರಿ ಕಟರ್, ಅಂದರೆ ಉರುಳುವ ಗುಂಡು ಅಲಗಿನ ಚಾಕು, ಅದರ ಬಗ್ಗೆ ಒಂದು ಮಾತು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಅದನ್ನು ತಂದ ಮೇಲೆಯೇ ಕತ್ತರಿ, ರಟ್ಟಿನ ಅಚ್ಚು ಬಿಟ್ಟು ಈ ದಪ್ಪ ಅಕ್ರಿಲಿಕ್ ರೂಲರ್‌ಗಳ ಕಾಲ ಬಂತು. ಅದರ ಅಲಗು ತುಂಬಾ ಹರಿತ. ಚಿಕ್ಕ ರೂಲರ್ ಹಿಡಿದಾಗ ಬೆರಳು ಅಂಚಿಗೆ ಹತ್ತಿರ ಬರುತ್ತದೆ. ರೂಲರ್ ಜಾರದಂತೆ ನಾನು ಅದರ ಹಿಂಬದಿಗೆ ಉಪ್ಪುಕಾಗದದ ಚುಕ್ಕೆಗಳನ್ನು ಅಂಟಿಸಿದ್ದೇನೆ. ಕತ್ತರಿಸುವುದು ಯಾವಾಗಲೂ ಮೈಯಿಂದ ಆಚೆಗೆ. ಕೆಳಗಿಡುವ ಮೊದಲು ಅಲಗು ಮುಚ್ಚುವುದು ಕಡ್ಡಾಯ.

ಹೊಲಿದಾದ ಮೇಲೆ ಇಸ್ತ್ರಿಯನ್ನು ಉಜ್ಜಬೇಡಿ. ಎತ್ತಿ ಎತ್ತಿ ಒತ್ತಿ. ಫ್ಲೈಯಿಂಗ್ ಗೀಸ್ 3 1/2 ಕ್ಕೆ 6 1/2 ಇಂಚು ಇರಬೇಕು, ಚೂಪು ತುದಿಯ ಮೇಲೆ ಕಾಲು ಇಂಚು ಬಟ್ಟೆ ಉಳಿದಿರಬೇಕು. ಈ ಕಾಲು ಇಂಚನ್ನು ಒಂದೊಂದರಲ್ಲೂ ನೋಡುತ್ತೇನೆ. ಅದು ಇಲ್ಲದಿದ್ದರೆ ಮುಂದಿನ ಹೊಲಿಗೆಯಲ್ಲಿ ನಕ್ಷತ್ರದ ತುದಿ ತುಂಡಾಗಿಹೋಗುತ್ತದೆ.

ಈಗ ಹನ್ನೊಂದನೇ ನಕ್ಷತ್ರ ಮಿಷನ್ ಮೇಲಿದೆ. ಹತ್ತನ್ನು ಅಳೆದಾಗಿದೆ, ಎಲ್ಲವೂ 12 1/2.