ಬದುವಿನ ಮರಕ್ಕೂ ಪ್ರೋತ್ಸಾಹಧನ: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಬಳಸಿಕೊಳ್ಳುವ ಬಗೆ

ತೋಟವಿರುವ ರೈತರು ಸಹಾಯಧನವೆಂದರೆ ತೋಟಗಾರಿಕೆ ಇಲಾಖೆಯತ್ತಲೇ ನೋಡುತ್ತಾರೆ. ಬದುವಿನಲ್ಲಿ, ಬೇಲಿಯಂಚಿನಲ್ಲಿ ಮರ ಬೆಳೆಸುವವರಿಗಾಗಿ ಕರ್ನಾಟಕ ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಎಷ್ಟೋ ಮಂದಿಯ ಗಮನಕ್ಕೇ ಬಂದಿಲ್ಲವೆಂಬುದು ಬೇಸರದ ಸಂಗತಿ. ಬದುಕುಳಿದ ಗಿಡಗಳನ್ನು ಎಣಿಸಿ ಹಣ ಕೊಡುವುದು ಈ ಯೋಜನೆಯ ಕ್ರಮ. ಪರಿಷ್ಕೃತ ದರದಂತೆ ಗಿಡವೊಂದಕ್ಕೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಸಿಗುತ್ತದೆ. ಹೆಕ್ಟೇರಿಗೆ ಗರಿಷ್ಠ 400 ಗಿಡಗಳ ಮಿತಿಯಿದೆ. ಎಕರೆಗೆ ಸುಮಾರು 160 ಗಿಡವೆಂದು ಹಿಡಿದರೆ, ಎಲ್ಲವೂ ಉಳಿದಲ್ಲಿ ಮೂರು ವರ್ಷಕ್ಕೆ 20,000 ರೂಪಾಯಿಯಾಗುತ್ತದೆ.

ಮುಂಗಾರಿಗೆ ಮುನ್ನವೇ ನಿಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಭಾವಚಿತ್ರ ಮತ್ತು ಜಮೀನಿನ ನಕಾಶೆಯೊಂದಿಗೆ ಅರ್ಜಿ ಕೊಟ್ಟು ಹೆಸರು ನೋಂದಾಯಿಸಬೇಕು. ಸಸಿಗಳು ಇಲಾಖೆಯ ಸಸ್ಯಕ್ಷೇತ್ರದಲ್ಲಿ ಚೀಲದ ಅಳತೆಗೆ ತಕ್ಕ ರಿಯಾಯಿತಿ ದರಕ್ಕೆ ಸಿಗುತ್ತವೆ. ಪಹಣಿ ಇನ್ನೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ.

ಯಾವ ಜಾತಿಯ ಗಿಡವೆಂಬುದನ್ನು ನೋಂದಣಿಗೆ ಮೊದಲೇ ಕೇಳಿ ತಿಳಿಯಿರಿ. ನೀಲಗಿರಿ, ಅಕೇಶಿಯಾ, ಗಾಳಿಮರ, ಸಿಲ್ವರ್ ಓಕ್, ರಬ್ಬರ್, ತೆಂಗು, ಅಡಿಕೆ, ಕಾಫಿ, ನಿಂಬೆ-ಕಿತ್ತಳೆ ಜಾತಿಗಳು ಮತ್ತು ಕಸಿ ಮಾವಿಗೆ ಈ ಹಣ ಇಲ್ಲ. ಹಣ್ಣಿನ ತೋಟಕ್ಕೆ ನೆರವು ಬೇಕಿದ್ದವರು ತೋಟಗಾರಿಕೆ ಇಲಾಖೆಯನ್ನೇ ವಿಚಾರಿಸಬೇಕು. ತೇಗ, ಹೆಬ್ಬೇವು, ಮಹಾಗನಿ, ಶ್ರೀಗಂಧ, ಹಲಸು, ನೇರಳೆ, ಹುಣಸೆಗಳ ಪೈಕಿ ನಿಮ್ಮ ಮಣ್ಣಿಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ಮಳೆ ಕಡಿಮೆಯಿರುವ ಕಡೆ ಹುಣಸೆ, ನೇರಳೆಗಳೇ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮರವನ್ನು ಕಡಿಯದೆಯೇ ಅವುಗಳಿಂದ ಫಸಲು ಬರುತ್ತದೆ.

ಎಣಿಕೆಯ ಹೊತ್ತಿಗೆ ಗಿಡ ನಿಂತಿರಬೇಕಾದರೆ ನೆಡುವ ದಿನವೇ ಎಚ್ಚರ ಬೇಕು. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ತುದಿಯನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಹೆಂಟೆ ಒಡೆಯದಂತೆ ಪ್ಲಾಸ್ಟಿಕ್ ಬಿಡಿಸಿ, ಒಂದೂವರೆ ಅಡಿಯ ಗುಂಡಿಯಲ್ಲಿ ನೆಟ್ಟು ಬುಡದ ಮಣ್ಣನ್ನು ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಬೇಕು. ಶ್ರೀಗಂಧವು ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ತಗುಲಿಸಿ ಆಹಾರ ಹೀರುವ ಅರೆಪರಾವಲಂಬಿಯಾದ್ದರಿಂದ, ಅದರ ಬುಡದಲ್ಲಿ ತೊಗರಿಯಂಥ ಆಸರೆ ಗಿಡವನ್ನು ಬೆಳೆಸುವುದು ಅಗತ್ಯ. ಮೊದಲ ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ದನಕರು ನುಗ್ಗದಂತೆ ಮುಳ್ಳಿನ ಬೇಲಿ ಕಟ್ಟಿ, ಸುತ್ತ ಒಣಹುಲ್ಲು ಸವರಿ ಬೆಂಕಿಗೆ ತಡೆ ಮಾಡಿಕೊಳ್ಳಿ. ಸಾಲುಗಳಿಗೆ ಗುರುತು ಹಾಕಿಟ್ಟರೆ ಪರಿಶೀಲನೆಗೆ ಬಂದ ಸಿಬ್ಬಂದಿಗೆ ಒಂದು ಗಿಡವೂ ಕಣ್ತಪ್ಪುವುದಿಲ್ಲ.

ಮೂರು ವರ್ಷದ ಹಣ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಸ್ವಂತ ಜಮೀನಿನಲ್ಲಿ ಕಡಿಯಲೂ ಅನುಮತಿ ಬೇಕು. ಶ್ರೀಗಂಧದ ಒಡೆತನವನ್ನು ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಬೆಳೆಗಾರನಿಗೇ ಕೊಟ್ಟಿದೆಯಾದರೂ ಕಟಾವು ಮತ್ತು ಮಾರಾಟಕ್ಕೆ ನಿಯಮಗಳಿವೆ. ಆದ್ದರಿಂದ ಮರಗಳ ಜಾತಿ ಮತ್ತು ಸಂಖ್ಯೆಯನ್ನು ಪಹಣಿಯಲ್ಲಿ ನಮೂದಿಸಲು ಗ್ರಾಮ ಆಡಳಿತಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.