ಗೋಪ್ಯ ದಾಖಲೆಯನ್ನು ನ್ಯಾಯಾಲಯದ ಮುಂದಿಟ್ಟ ಬಗೆ: ನನ್ನ ಅನುಭವ

ಕೆಲಸ ಬಿಟ್ಟುಹೋದ ಅಧಿಕಾರಿಗಳು ತನ್ನ ಉತ್ಪನ್ನದ ಮಿಶ್ರಣ ಸೂತ್ರವನ್ನೂ ಗ್ರಾಹಕವಾರು ದರಪಟ್ಟಿಯನ್ನೂ ಹೊಸ ಸಂಸ್ಥೆಗೆ ಒಯ್ದಿದ್ದಾರೆಂದು ದಾವೆ ಹೂಡಲು ಬಂದ ಕಂಪನಿಯೊಂದರ ನಿರ್ದೇಶಕರು ನನ್ನನ್ನು ಮೊದಲು ಕೇಳಿದ್ದು, ಸೂತ್ರದ ಹಾಳೆಯನ್ನು ವಾದಪತ್ರಕ್ಕೆ ಲಗತ್ತಿಸಿದರೆ ಎದುರಾಳಿಯ ಕೈಗೆ ನಾವೇ ಉಳಿದ ಗುಟ್ಟನ್ನೂ ಕೊಟ್ಟಂತಾಗುವುದಿಲ್ಲವೇ ಎಂದು. ಹಾಳೆಯನ್ನು ಈಗ ಕೊಡದೆ ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸೋಣ ಎಂಬುದು ಅವರ ಸಲಹೆಯಾಗಿತ್ತು. ವಾಣಿಜ್ಯ ದಾವೆಯಲ್ಲಿ ಅದು ನಡೆಯುವುದಿಲ್ಲ. 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನು ಬದಲಿಸಿದ ಮೇಲೆ, ವಾದಿಯು ದಾವೆಗೆ ಸಂಬಂಧಿಸಿದ, ತನ್ನ ವಶದಲ್ಲಿರುವ ಎಲ್ಲ ದಾಖಲೆಗಳನ್ನೂ ವಾದಪತ್ರದ ಜೊತೆಗೇ ಸಲ್ಲಿಸಬೇಕು. ಆಗ ಸಲ್ಲಿಸದ ದಾಖಲೆಯನ್ನು ಮುಂದೆ ಅವಲಂಬಿಸಬೇಕಾದರೆ ಸಮಂಜಸ ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಗುಟ್ಟು ಹೊರಬೀಳುತ್ತದೆಂದು ನಾವೇ ತಡೆಹಿಡಿದೆವು ಎಂಬುದು ಅಂಥ ಕಾರಣವಾಗುತ್ತದೆಂದು ನನಗೆ ಅನ್ನಿಸಲಿಲ್ಲ. ಆದ್ದರಿಂದ ಹಾಳೆಯನ್ನೂ ಅದನ್ನು ಗೋಪ್ಯವಾಗಿಡುವಂತೆ ಕೋರುವ ಅರ್ಜಿಯನ್ನೂ ವಾದಪತ್ರದೊಂದಿಗೇ ಸಲ್ಲಿಸಿದೆವು.

ದೆಹಲಿ ಉಚ್ಚ ನ್ಯಾಯಾಲಯದ ಮೂಲ ವ್ಯಾಪ್ತಿಯ 2018ರ ನಿಯಮಗಳಲ್ಲಿ ‘ಕಾನ್ಫಿಡೆನ್ಶಿಯಾಲಿಟಿ ಕ್ಲಬ್’, ಅಂದರೆ ಗೋಪ್ಯ ದಾಖಲೆಯನ್ನು ನೋಡಲು ಅನುಮತಿ ಪಡೆದ ಕೆಲವರ ಸೀಮಿತ ಗುಂಪಿನ, ರಚನೆಗೆ ಅವಕಾಶವಿದೆ. ಗೋಪ್ಯ ದಾಖಲೆ ಮುದ್ರೆ ಹಾಕಿದ ಲಕೋಟೆಯಲ್ಲಿ ನ್ಯಾಯಾಲಯದ ಸುಪರ್ದಿನಲ್ಲಿರುತ್ತದೆ. ಪ್ರತಿ ಪಕ್ಷದಿಂದ ಮೂವರಿಗೆ ಮೀರದ ವಕೀಲರು ಮತ್ತು ಇಬ್ಬರಿಗೆ ಮೀರದ ಹೊರಗಿನ ತಜ್ಞರು ಅದನ್ನು ಪರಿಶೀಲಿಸಬಹುದು, ಆದರೆ ನಕಲು ಮಾಡಿಕೊಳ್ಳುವಂತಿಲ್ಲ. ನಮ್ಮ ದಾವೆ ಅಲ್ಲಿಯದಲ್ಲವಾದ್ದರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮು ನ್ಯಾಯಾಲಯದ್ದೆಂದು ಉಳಿಸಿರುವ ಅಂತರ್ಗತ ಅಧಿಕಾರವನ್ನು ಆಧರಿಸಿ ಮಧ್ಯಂತರ ಅರ್ಜಿ ಹಾಕಿ, ಆ ನಿಯಮಗಳನ್ನು ಕರಡು ಆದೇಶಕ್ಕೆ ಮಾದರಿಯಾಗಿ ಇಟ್ಟುಕೊಂಡೆ.

ಅರ್ಜಿ ಬರೆಯುವುದಕ್ಕಿಂತ ಹೆಚ್ಚು ಶ್ರಮ ಹಿಡಿದದ್ದು ಯಾವುದು ನಿಜಕ್ಕೂ ಗೋಪ್ಯ ಎಂದು ಗುರುತಿಸುವ ಕೆಲಸ. ಕಂಪನಿಯವರು ಇಡೀ ಕಡತಗಳ ಮೇಲೆ ‘ಗೋಪ್ಯ’ ಎಂಬ ಮೊಹರು ಒತ್ತಿ ಕಳುಹಿಸಿದ್ದರು. (ಮೊಹರು ಒತ್ತಲು ಖರ್ಚಿಲ್ಲವಲ್ಲ!) ಪ್ರಯೋಗಾಲಯದ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳುತ್ತ ಹೋದೆ: ಮಾರುಕಟ್ಟೆಯಲ್ಲಿ ಸಿಗುವ ಉತ್ಪನ್ನವನ್ನು ಪರೀಕ್ಷಿಸಿದವನಿಗೆ ಇದು ತಿಳಿಯುತ್ತದೆಯೇ? ಕಚ್ಚಾ ಸಾಮಗ್ರಿಗಳ ಹೆಸರುಗಳು ತಿಳಿಯುತ್ತಿದ್ದವು. ಅವುಗಳ ಪ್ರಮಾಣ, ಬೆರೆಸುವ ಅನುಕ್ರಮ, ಉಷ್ಣಾಂಶ ತಿಳಿಯುತ್ತಿರಲಿಲ್ಲ. ದರಪಟ್ಟಿಯಲ್ಲಿ ಹಳೆಯ ವರ್ಷಗಳ ದರಗಳನ್ನು ಬಿಟ್ಟುಕೊಟ್ಟು, ಜಾರಿಯಲ್ಲಿರುವ ರಿಯಾಯಿತಿಗಳನ್ನಷ್ಟೇ ಉಳಿಸಿಕೊಂಡೆವು. ಆ ಸಾಲುಗಳಿಗೆ ಮಸಿ ಬಳಿದ ಪ್ರತಿಯನ್ನು ಸಾರ್ವಜನಿಕ ಕಡತಕ್ಕೂ, ಪೂರ್ಣ ಪ್ರತಿಯನ್ನು ಲಕೋಟೆಗೂ ಹಾಕಿ, ಮುಚ್ಚಿದ ಪ್ರತಿಯೊಂದು ಸಾಲಿಗೂ ಕಾರಣ ಹೇಳುವ ಪಟ್ಟಿಯನ್ನು ಮುಖ್ಯಸ್ಥರ ಅಫಿಡವಿಟ್‌ಗೆ ಸೇರಿಸಿದೆ. ನ್ಯಾಯಾಧೀಶರು ವಿಚಾರಣೆಯಲ್ಲಿ ಬಹುಪಾಲು ಓದಿದ್ದು ಈ ಪಟ್ಟಿಯನ್ನೇ.

ಮೂಲ ಕಡತಗಳು ಕಂಪ್ಯೂಟರಿನಲ್ಲಿದ್ದವು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದ ಒಳಗಿನದರಿಂದ ಲೆಕ್ಕಹಾಕಿ ತೆಗೆದ, ಅದರ ಬೆರಳಚ್ಚಿನಂಥ ಗುರುತನ್ನು, ನಮೂದಿಸಬೇಕು. ಮಸಿ ಬಳಿದ ಪ್ರತಿಯ ಹ್ಯಾಶ್ ಮೂಲದ್ದಕ್ಕಿಂತ ಬೇರೆಯಾಗುವುದರಿಂದ ಎರಡನ್ನೂ ಪ್ರತ್ಯೇಕವಾಗಿ ದಾಖಲಿಸಿದೆವು.

ಪ್ರತಿವಾದಿಯ ವಕೀಲರು, 2023ರ ಏಪ್ರಿಲ್‌ನಲ್ಲಿ ಮಾಧ್ಯಮಂ ಬ್ರಾಡ್‌ಕಾಸ್ಟಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಚ್ಚಿದ ಲಕೋಟೆಯ ಪದ್ಧತಿಯನ್ನು ಸಹಜ ನ್ಯಾಯಕ್ಕೆ ಧಕ್ಕೆಯೆಂದು ಟೀಕಿಸಿರುವುದನ್ನು ಎತ್ತಿ ತೋರಿಸಿದರು. ಅಲ್ಲಿ ಎದುರು ಪಕ್ಷಕ್ಕೆ ದಾಖಲೆ ಕಾಣಿಸಿಯೇ ಇರಲಿಲ್ಲ, ಇಲ್ಲಿ ನಾವು ಕೇಳುತ್ತಿರುವುದು ಯಾರು ನೋಡಬೇಕೆಂಬ ಮಿತಿಯನ್ನಷ್ಟೇ ಎಂದು ಉತ್ತರಿಸಿದೆ. ಆ ಉತ್ತರಕ್ಕೆ ಬಲ ಬಂದದ್ದು, ಸೂತ್ರ ರೂಪಿಸುವುದರಲ್ಲಾಗಲಿ ದರ ನಿಗದಿಯಲ್ಲಾಗಲಿ ಪಾತ್ರವಿಲ್ಲದ ಪ್ರತಿವಾದಿಯ ಪ್ರತಿನಿಧಿಯೊಬ್ಬರಿಗೂ ಪರಿಶೀಲನೆಯ ಅವಕಾಶವಿರಲಿ ಎಂದು ನಾವೇ ಕರಡಿನಲ್ಲಿ ಬರೆದಿದ್ದರಿಂದ. ಕಕ್ಷಿದಾರನನ್ನು ಪೂರ್ತಿ ಹೊರಗಿಟ್ಟು ಹೊರಗಿನ ವಕೀಲರಿಗೂ ತಜ್ಞರಿಗೂ ಮಾತ್ರ ತೋರಿಸುವ ಏರ್ಪಾಡನ್ನು ದೆಹಲಿ ಉಚ್ಚ ನ್ಯಾಯಾಲಯ 2020ರ ಇಂಟರ್‌ಡಿಜಿಟಲ್–ಶವೊಮಿ ಪ್ರಕರಣದಲ್ಲಿ ಒಪ್ಪಿರಲಿಲ್ಲ. ಅದನ್ನೇ ಇಲ್ಲಿ ಕೇಳಿದ್ದರೆ ಅರ್ಜಿಯೇ ಬೀಳುತ್ತಿತ್ತೇನೋ. ತಾನು ನೋಡಲಾಗದ ದಾಖಲೆಯ ಬಗ್ಗೆ ಕಕ್ಷಿದಾರ ತನ್ನ ವಕೀಲರಿಗೆ ಏನೆಂದು ಸೂಚನೆ ಕೊಟ್ಟಾನು?

ಅರ್ಜಿ ಪುರಸ್ಕೃತವಾಯಿತು. ನೋಡುವವರೆಲ್ಲರೂ ಮೊದಲು ಮುಚ್ಚಳಿಕೆ ಬರೆದುಕೊಡಬೇಕು, ಪರಿಶೀಲನೆ ನ್ಯಾಯಾಲಯದ ಅಧಿಕಾರಿಯ ಎದುರಿನಲ್ಲೇ ನಡೆಯಬೇಕು, ಮುಗಿದ ಕೂಡಲೇ ಲಕೋಟೆಗೆ ಮತ್ತೆ ಮುದ್ರೆ ಹಾಕಬೇಕು ಎಂದು ಆದೇಶವಾಯಿತು. ದೃಢೀಕೃತ ನಕಲು ಕೋರಿ ಮೂರನೆಯವರು ಅರ್ಜಿ ಹಾಕಿದರೆ ಮಸಿ ಬಳಿದ ಪ್ರತಿಯನ್ನೇ ಕೊಡಬೇಕೆಂಬ ಸಾಲನ್ನು ನಾನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಂಡೆ. ನಕಲು ವಿಭಾಗದ ಸಿಬ್ಬಂದಿಗೆ ಇಂಥ ಆದೇಶದ ಹಿನ್ನೆಲೆ ತಿಳಿದಿರಬೇಕೆಂದೇನೂ ಇಲ್ಲ.

ಪಾಟೀ ಸವಾಲಿನ ಹಂತಕ್ಕೆ ಇಷ್ಟು ಸಾಲುವುದಿಲ್ಲ. ಸಾಕ್ಷಿ ಉತ್ತರಿಸುತ್ತ ಪ್ರಮಾಣವನ್ನು ಬಾಯಿಬಿಟ್ಟು ಹೇಳಿದರೆ ಅದು ಹೇಳಿಕೆಯ ಹಾಳೆಯಲ್ಲಿ ದಾಖಲಾಗುತ್ತದೆ. ಹಾಗಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 153-ಬಿ ಕಲಮಿನಡಿ ಆ ಭಾಗದ ವಿಚಾರಣೆಗೆ ಸಾರ್ವಜನಿಕರ ಪ್ರವೇಶ ನಿರ್ಬಂಧಿಸುವಂತೆ ಮತ್ತೊಂದು ಅರ್ಜಿ ಸಲ್ಲಿಸಿ, ಪ್ರಶ್ನೆಗಳಲ್ಲಿ ಸಾಮಗ್ರಿಗಳನ್ನು ಪಟ್ಟಿಯ ಕ್ರಮಸಂಖ್ಯೆಯಿಂದಲೇ ಕರೆಯಲು ಎರಡೂ ಕಡೆಯ ವಕೀಲರು ಒಪ್ಪಿಕೊಂಡೆವು. ತೀರ್ಪಿನಲ್ಲೂ ಅದೇ ಕ್ರಮಸಂಖ್ಯೆಗಳು ಬಂದವು. ಮೇಲ್ಮನವಿಯ ಅವಧಿ ಮುಗಿದ ನಂತರ, ಲಕೋಟೆಯನ್ನು ಮರಳಿಸುವಂತೆ ಕೋರಿ ಕೊನೆಯ ಅರ್ಜಿ ಹಾಕಿದೆವು.